ಒಂದು ‘ಕಾಯಂ’, ಹಲವು ಇಂಗ್ಲಿಷ್ ಶಬ್ದಗಳು

ಕನ್ನಡ ಕಲಿಸುವ ನಾವು ಇಂಗ್ಲಿಷ್ ವ್ಯಾಕರಣದ ಪಾಠ ಬರೆಯಲು ಕುಳಿತದ್ದೇಕೆಂದು ವಿದ್ಯಾರ್ಥಿಗಳಿಗೂ ಪಾಲಕರಿಗೂ ಸೋಜಿಗವಾದೀತು. ಇಲ್ಲಿ ಹೇಳಲಿರುವ ತಪ್ಪಿನ ಬೇರು ನಮ್ಮ ಆಡುಮಾತಿನಲ್ಲಿದೆ. ಆ ತಪ್ಪನ್ನು ಮಾಡಿದವರಲ್ಲಿ ನಾವೂ ಒಬ್ಬರು.

ಕೆಲವು ವರ್ಷಗಳ ಹಿಂದೆ ನಮ್ಮ ವರ್ಗದಲ್ಲಿ ಕಲಿತ ಜಾಣ ಹುಡುಗನೊಬ್ಬ ಪುಣೆಯಲ್ಲಿ ನೌಕರಿಗೆ ಅರ್ಜಿ ಹಾಕಿದ. ಇಂಗ್ಲಿಷಿನಲ್ಲಿ ಒಂದು ಶಿಫಾರಸು ಪತ್ರ ಬೇಕೆಂದು ನಮ್ಮಲ್ಲಿಗೆ ಬಂದ. ಅವನು ಪ್ರತಿ ತಾಸಿಗೂ ಪ್ರಶ್ನೆ ಕೇಳುತ್ತಿದ್ದ ಹುಡುಗ. ಆ ಗುಣವನ್ನು ಮೆಚ್ಚಿ ನಾವು ‘ಹಿ ಈಸ್ ಆಲ್ವೇಸ್ ಆಸ್ಕಿಂಗ್ ಕ್ವೆಶ್ಚನ್ಸ್’ ಎಂದು ಬರೆದುಕೊಟ್ಟೆವು. ಸಂದರ್ಶನ ಮುಗಿಸಿ ಬಂದವನು ಸಪ್ಪೆ ಮುಖದಿಂದ, “ಸರ್, ನಾ ನಿಮಗ ಅಷ್ಟು ತ್ರಾಸ ಕೊಡತಿದ್ದೆನೇನ್ರಿ?” ಎಂದ. ಪತ್ರ ಓದಿದ ಸಾಹೇಬರು ನಕ್ಕು, “ನಿಮ್ಮ ಗುರುಗಳಿಗೆ ನಿನ್ನಿಂದ ಬೇಸರವಾಗಿತ್ತೇನು?” ಎಂದು ಕೇಳಿದ್ದರಂತೆ. ನಾವು ಬರೆದ ಹೊಗಳಿಕೆ ಅಲ್ಲಿ ದೂರಾಗಿ ಕೇಳಿಸಿತ್ತು.

ಆಗ ನಾವು ಯೋಚಿಸಿದೆವು. ಸೋಲಾಪುರ, ಅಕ್ಕಲಕೋಟ ಭಾಗದ ನಮ್ಮ ಮಾತಿನಲ್ಲಿ ‘ಕಾಯಂ’ ಎಂಬ ಶಬ್ದ ದಿನಕ್ಕೆ ಹತ್ತು ಸಲ ಬರುತ್ತದೆ. ‘ನಿಂತಿರುವುದು’ ಎಂಬ ಅರ್ಥದ ಅರಬ್ಬಿ ಮೂಲದ ಈ ಶಬ್ದ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. “ಅಂವ ಕಾಯಂ ಖರೇ ಮಾತಾಡತಾನ”, “ಗಿರಣಿ ಕಾಯಂ ಮುಚ್ಚಿತು”, “ಆಕೀದು ಕಾಯಂ ನಾಚಿಗಿ ಸ್ವಭಾವ” ಎಂದು ಮೂರೂ ಕಡೆಗೆ ಒಂದೇ ಶಬ್ದ ನಮಗೆ ಸಾಕು. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಕ್ರಿಯಾವಿಶೇಷಣಗಳು ಬೇಕು.

ಮೊದಲನೆಯದು ‘ಆಲ್ವೇಸ್’. ‘ಪ್ರತಿ ಸಲವೂ’ ಎಂದು ಅರ್ಥ. ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆ ಸಂಕ್ರಾಂತಿಗೇ ಬರುತ್ತದೆ. ಆದ್ದರಿಂದ ‘ದಿ ಫೇರ್ ಆಲ್ವೇಸ್ ಕಮ್ಸ್ ಅಟ್ ಸಂಕ್ರಾಂತಿ’ ಎನ್ನಬೇಕು. ಈ ಶಬ್ದ ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ. ‘ಈಸ್’, ‘ಆರ್’ ಇದ್ದರೆ ಅವುಗಳ ನಂತರ ಬರುತ್ತದೆ: ‘ಹಿ ಈಸ್ ಆಲ್ವೇಸ್ ಆನೆಸ್ಟ್.’

ಎರಡನೆಯದು ‘ಪರ್ಮನೆಂಟ್ಲಿ’. ಒಂದು ಬದಲಾವಣೆಯಾಗಿ, ಅದು ಮತ್ತೆ ಹಿಂದಿರುಗದಿದ್ದಾಗ ಇದನ್ನು ಬಳಸಬೇಕು. ಸೋಲಾಪುರದಲ್ಲಿ 1877ರಲ್ಲಿ ಆರಂಭವಾದ ಹಳೇ ಗಿರಣಿ ಇಂದು ನಡೆಯುತ್ತಿಲ್ಲ. ಅದಕ್ಕೆ ‘ದಿ ಮಿಲ್ ಕ್ಲೋಸ್ಡ್ ಪರ್ಮನೆಂಟ್ಲಿ’ ಎನ್ನಬೇಕು. ‘ದಿ ಮಿಲ್ ಆಲ್ವೇಸ್ ಕ್ಲೋಸ್ಡ್’ ಎಂದರೆ ಅದು ಮೇಲಿಂದ ಮೇಲೆ ಮುಚ್ಚುತ್ತಿತ್ತು ಎಂದಾಗುತ್ತದೆ. ಗಿರಣಿಯಲ್ಲಿ ದುಡಿದ ಮನೆತನದವರಿಗೆ ಈ ಎರಡರ ಅಂತರವನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ‘ನ್ಯಾಚುರಲಿ’. ಹುಟ್ಟುಗುಣವನ್ನು ಹೇಳುವಾಗ ಇದು ಬರುತ್ತದೆ. ಆದರೆ ಇದರ ಸ್ಥಾನದ ಮೇಲೆ ನಿಗಾ ಇರಲಿ. ‘ಶಿ ಈಸ್ ನ್ಯಾಚುರಲಿ ಶೈ’ ಎಂದರೆ ‘ಅವಳು ಸ್ವಭಾವತಃ ನಾಚಿಕೆಯವಳು’. ‘ನ್ಯಾಚುರಲಿ’ಯನ್ನು ವಾಕ್ಯದ ಮೊದಲಿಗೆ ತಂದು ಅಲ್ಪವಿರಾಮ ಹಾಕಿದರೆ ‘ಅವಳು ನಾಚುವುದು ಸಹಜವೇ ಸರಿ’ ಎಂದಾಗುತ್ತದೆ. ಸಂಶಯವಿದ್ದರೆ ‘ಬೈ ನೇಚರ್’ ಎಂದು ಬರೆಯಿರಿ.

ಇನ್ನು ನಮ್ಮ ಪತ್ರದ ತಪ್ಪು. ‘ಆಲ್ವೇಸ್’ ಜೊತೆಗೆ ‘ಆಸ್ಕ್ಸ್’ ಎಂಬ ಸಾದಾ ವರ್ತಮಾನಕಾಲ ಬಂದರೆ ಅದು ರೂಢಿಯನ್ನು ತಿಳಿಸುತ್ತದೆ. ‘ಈಸ್ ಆಸ್ಕಿಂಗ್’ ಎಂಬ ರೂಪ ಬಂದರೆ ಅನೇಕ ಸಲ ಬೇಸರದ ಧ್ವನಿ ಸೇರಿಕೊಳ್ಳುತ್ತದೆ. ನಮ್ಮಲ್ಲಿ “ಯಾವಾಗ ನೋಡಿದರೂ ಕೇಳತಾನ ಇರತಾನ” ಎಂದು ಗೊಣಗಿದ ಹಾಗೆ. ‘ಹಿ ಆಲ್ವೇಸ್ ಆಸ್ಕ್ಸ್ ಗುಡ್ ಕ್ವೆಶ್ಚನ್ಸ್’ ಎಂದು ಬರೆದಿದ್ದರೆ ಹುಡುಗನ ಗುಣ ಗುಣವಾಗಿಯೇ ಉಳಿಯುತ್ತಿತ್ತು. ಅಂದೇ ಹಾಗೆ ತಿದ್ದಿ ಹೊಸ ಪತ್ರ ಬರೆದು ಅವನ ಕೈಗಿಟ್ಟೆವು. ತಪ್ಪು ನಮ್ಮದೆಂದೂ ಹೇಳಿದೆವು.

ಆದ್ದರಿಂದ ಮಕ್ಕಳೇ, ‘ಕಾಯಂ’ ಎಂಬುದನ್ನು ಇಂಗ್ಲಿಷಿಗೆ ತರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇದು ಪ್ರತಿ ಸಲವೂ ನಡೆಯುವುದೋ? ಒಮ್ಮೆ ಆಗಿ ಹಾಗೆಯೇ ಉಳಿದದ್ದೋ? ಹುಟ್ಟುಗುಣವೋ? ಉತ್ತರ ಸಿಕ್ಕರೆ ಶಬ್ದ ತಾನಾಗಿಯೇ ಸಿಗುತ್ತದೆ.

ಕೊನೆಗೆ ಸ್ವಲ್ಪ ಅಭ್ಯಾಸ. ಈ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿರಿ:

1. ಅಜ್ಜ ಕಾಯಂ ನಸುಕಿನಲ್ಲಿಯೇ ಏಳತಾನ.
2. ಕಾಕಾ ಪುಣೆಗೆ ಹೋಗಿ ಅಲ್ಲೇ ಕಾಯಂ ನೆಲೆಸಿದ.
3. ಈ ತಮ್ಮಂದು ಕಾಯಂ ಅಳೋದಾತು!

ಮೂರನೆಯದರಲ್ಲಿ ಬೇಸರವಿದೆ, ಅಲ್ಲಿ ನಮ್ಮ ಪತ್ರದ ಹಳೆಯ ರೂಪವೇ ಸರಿ. ಪಾಲಕರು ಮಕ್ಕಳ ಜೊತೆ ಕುಳಿತು ಮನೆಮಾತಿನಲ್ಲಿ ಇಂಥ ಇನ್ನೂ ಹತ್ತು ವಾಕ್ಯ ಹುಡುಕಿಕೊಡಲಿ. ಅರ್ಥ ಮೊದಲು ಕನ್ನಡದಲ್ಲಿ ತಿಳಿಯಾದರೆ ಇಂಗ್ಲಿಷಿನಲ್ಲಿ ಎಡವುವುದು ಕಡಿಮೆಯಾಗುತ್ತದೆ.