ಚೆಂಡು ಕೈಯಲ್ಲಿಲ್ಲದಾಗ: ರನ್ನಿಂಗ್ ಬ್ಯಾಕ್‌ಗೆ ಹತ್ತು ಸೂತ್ರಗಳು

2017ರ ಫೆಬ್ರುವರಿ 5, ಹ್ಯೂಸ್ಟನ್. ಅಮೆರಿಕನ್ ಫುಟ್‌ಬಾಲ್‌ನ 51ನೇ ಸೂಪರ್ ಬೌಲ್ ಫೈನಲ್. ಅಟ್ಲಾಂಟಾ ಫಾಲ್ಕನ್ಸ್ 28–12ರಿಂದ ಮುಂದಿತ್ತು. ಉಳಿದದ್ದು ಸುಮಾರು ಎಂಟೂವರೆ ನಿಮಿಷ. ಮೂರನೇ ಯತ್ನ, ಬೇಕಾಗಿದ್ದದ್ದು ಒಂದೇ ಒಂದು ಗಜ. ಪಾಸ್ ಎಸೆಯಲು ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ಹಿಂದೆ ಸರಿದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಲೈನ್‌ಬ್ಯಾಕರ್ ಡಾಂಟಾ ಹೈಟವರ್ ಅಂಚಿನಿಂದ ನುಗ್ಗಿದರು. ಅಡ್ಡ ನಿಲ್ಲಬೇಕಿದ್ದ ಫಾಲ್ಕನ್ಸ್ ರನ್ನಿಂಗ್ ಬ್ಯಾಕ್ ಡೆವೊಂಟಾ ಫ್ರೀಮನ್, ಹೈಟವರ್ ಅವರನ್ನು ತಡೆಯಲಿಲ್ಲ. ಚೆಂಡು ರಯನ್ ಕೈಯಿಂದ ಹಾರಿ ಎದುರಾಳಿಗಳ ಪಾಲಾಯಿತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಪೇಟ್ರಿಯಟ್ಸ್ 34–28ರಿಂದ ಗೆದ್ದಿತು.

ಆ ಪಂದ್ಯದ ಮೊದಲ ಟಚ್‌ಡೌನ್ ಓಡಿ ಗಳಿಸಿದವರೂ ಇದೇ ಫ್ರೀಮನ್. ಒಂದು ತಪ್ಪಿದ ತಡೆಯ ಮೇಲೆ ಇಡೀ ಸೋಲನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಆ ಒಂದು ಕ್ಷಣ ಈ ಹುದ್ದೆಯ ಗುಟ್ಟನ್ನು ಬಯಲು ಮಾಡಿತು. ರನ್ನಿಂಗ್ ಬ್ಯಾಕ್‌ಗೆ ಹೆಸರು ತರುವುದು ಓಟ. ಅನ್ನ ಹಾಕುವುದು ಉಳಿದೆರಡು ಕೆಲಸ, ಕ್ವಾರ್ಟರ್‌ಬ್ಯಾಕ್‌ನ ಮೈ ಕಾಯುವುದು ಮತ್ತು ಪಾಸ್ ಹಿಡಿಯುವುದು. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಈ ಎರಡನ್ನು ಕಲಿಯುವ ಬಗೆ ಇಲ್ಲಿದೆ.

1. ಮೊದಲು ತಲೆ ಎಣಿಸಿ

ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐವರು ಲೈನ್‌ಮನ್‌ಗಳ ಗೋಡೆ ಇರುತ್ತದೆ. ಎದುರಾಳಿ ಆರನೆಯವನನ್ನು ಕಳಿಸಿದರೆ ಅವನು ಯಾರ ಪಾಲು? ಬಹಳ ಸಲ ನಿಮ್ಮ ಪಾಲು. ಈ ಅನಿರೀಕ್ಷಿತ ದಾಳಿಯೇ ಬ್ಲಿಟ್ಜ್. ಆದ್ದರಿಂದ ಆಟ ಶುರುವಾಗುವ ಮೊದಲೇ ಲೆಕ್ಕ ಮುಗಿದಿರಬೇಕು. ನಡುವಿನ ಲೈನ್‌ಬ್ಯಾಕರ್ ಎಂದು ಕ್ವಾರ್ಟರ್‌ಬ್ಯಾಕ್ ಅಥವಾ ಲೈನ್‌ಮನ್‌ಗಳ ನಡುವೆ ನಿಲ್ಲುವ ಸೆಂಟರ್ ಯಾರನ್ನು ತೋರಿಸಿದರು? ಐವರು ಯಾವ ಕಡೆಗೆ ಸರಿಯುತ್ತಾರೆ? ಅವರ ಲೆಕ್ಕದಿಂದ ಹೊರಗುಳಿದವನು ಯಾರು? ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಬ್ಲಾಕ್, ಅಂದರೆ ತಡೆಯುವ ಕೆಲಸ, ಮುಗಿದಂತೆ. ನಿಮ್ಮ ಕೆಲಸ ಮಾತ್ರ ಬಾಯಿಪಾಠ ಮಾಡಿದರೆ ಸಾಲದು, ಪಕ್ಕದವನ ಕೆಲಸವೂ ಗೊತ್ತಿರಬೇಕು. ಕಾಲೇಜಿನಲ್ಲಿ ಸಾವಿರ ಗಜ ಓಡಿ ಬಂದವರೂ ವೃತ್ತಿಯ ಮೊದಲ ವರ್ಷ ಬೆಂಚಿನ ಮೇಲೆ ಕೂರುವುದು ಹೆಚ್ಚಾಗಿ ಈ ಲೆಕ್ಕ ಬರದೆ.

2. ಒಳಗಿನಿಂದ ಹೊರಗೆ ನೋಡಿ

ಇಬ್ಬರು ಒಟ್ಟಿಗೆ ನುಗ್ಗಿದರೆ ಯಾರನ್ನು ಹಿಡಿಯುವುದು? ಒಳಗಿನವನನ್ನು. ಸೆಂಟರ್‌ನ ಎಡಬಲದ ಸಂದಿಯಿಂದ ಕ್ವಾರ್ಟರ್‌ಬ್ಯಾಕ್‌ಗೆ ದಾರಿ ತೀರಾ ಹತ್ತಿರ. ಅಂಚಿನಿಂದ ಬರುವವನು ಸುತ್ತಿಕೊಂಡು ಬರಬೇಕು. ಅಷ್ಟರಲ್ಲಿ ಚೆಂಡು ಕೈಬಿಟ್ಟು ಹೋಗಿರುವ ಸಾಧ್ಯತೆ ಉಂಟು. ಹಾಗಾಗಿ ಕಣ್ಣು ಮೊದಲು ನಡುವಿಗೆ, ಆಮೇಲೆ ಅಂಚಿಗೆ. ಈ ಕ್ರಮ ಬೆರಳೆಣಿಕೆಯಷ್ಟು ಸಲ ಅಲ್ಲ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದಷ್ಟು ರೂಢಿಯಾಗಬೇಕು.

3. ಕಾಯಬೇಡಿ, ಎದುರು ಹೋಗಿ

ಲೈನ್‌ಬ್ಯಾಕರ್ ಸಾಮಾನ್ಯವಾಗಿ ನಿಮಗಿಂತ ಹತ್ತು ಹದಿನೈದು ಕಿಲೋ ಹೆಚ್ಚು ತೂಗುತ್ತಾನೆ. ಅವನಿಗೆ ಐದು ಗಜ ಓಡಿ ಬರಲು ಬಿಟ್ಟು, ಕ್ವಾರ್ಟರ್‌ಬ್ಯಾಕ್‌ನ ಮಡಿಲಲ್ಲಿ ನಿಂತು ತಡೆಯುತ್ತೇನೆ ಅಂದರೆ ಆಗದ ಮಾತು. ಎರಡು ಹೆಜ್ಜೆ ಮುಂದೆ ಹೋಗಿ, ವೇಗ ಕೂಡುವ ಮೊದಲೇ ಅವನನ್ನು ಎದುರುಗೊಳ್ಳಿ. ಜಗಳ ಮನೆಯ ಹೊಸ್ತಿಲಾಚೆಗೇ ಮುಗಿಯಲಿ.

ಮಂಡಿ ಬಾಗಲಿ, ಸೊಂಟ ಕೆಳಗಿರಲಿ, ಎರಡೂ ಕೈ ಅವನ ಎದೆಯ ಒಳಭಾಗಕ್ಕೆ ಬೀಳಲಿ. ಕೈ ಹೊರಗೆ ಜಾರಿ ಅಂಗಿ ಎಳೆದರೆ ಹೋಲ್ಡಿಂಗ್, ತಂಡಕ್ಕೆ 10 ಗಜದ ದಂಡ. ತಲೆ ಮಾತ್ರ ಎಂದೂ ತಗ್ಗಿಸಬೇಡಿ. ತಲೆ ಬಗ್ಗಿಸಿ ಹೆಲ್ಮೆಟ್‌ನಿಂದ ಗುದ್ದುವುದನ್ನು 2018ರಿಂದ ಎನ್‌ಎಫ್‌ಎಲ್ ಅಪರಾಧವೆಂದು ಸಾರಿದೆ. ನಿಯಮ ಇಲ್ಲದಿದ್ದರೂ ಕತ್ತು ನಿಮ್ಮದೇ ಅಲ್ಲವೇ? ಎತ್ತರ ಕಡಿಮೆ ಎಂದು ಕೊರಗುವವರು ಎಮಿಟ್ ಸ್ಮಿತ್ ಅವರನ್ನು ನೆನೆಯಲಿ. ಓಟದಲ್ಲಿ ಲೀಗಿನ ಸಾರ್ವಕಾಲಿಕ ದಾಖಲೆ ಇರುವ ಅವರ ಎತ್ತರ 5 ಅಡಿ 9 ಅಂಗುಲ. ಬ್ಲಾಕ್ ಮಾಡುವುದರಲ್ಲೂ ಅವರು ಎತ್ತಿದ ಕೈ. ಈ ಕೆಲಸದಲ್ಲಿ ಕುಳ್ಳಗಿರುವುದು ಕೊರತೆಯಲ್ಲ, ಬಂಡವಾಳ. ಕೆಳಗಿನಿಂದ ತಳ್ಳುವವನದೇ ಮೇಲುಗೈ.

4. ಕಾಲಿಗೆ ಬೀಳುವುದು ಉಪ್ಪಿನಕಾಯಿ, ಊಟವಲ್ಲ

ನುಗ್ಗಿ ಬರುವವನ ತೊಡೆಯ ಮಟ್ಟಕ್ಕೆ ಎಗರಿ ಕೆಡವುವುದನ್ನು ಕಟ್ ಬ್ಲಾಕ್ ಅನ್ನುತ್ತಾರೆ. ಚಿಕ್ಕ ಮೈಕಟ್ಟಿನವರಿಗೆ ಇದು ಸುಲಭ ಅನ್ನಿಸುತ್ತದೆ. ಪ್ರತಿ ಸಲ ಇದನ್ನೇ ಮಾಡಿದರೆ ಎದುರಾಳಿ ಕಲಿತುಬಿಡುತ್ತಾನೆ. ಮೂರನೇ ಸಲ ಅವನು ನಿಮ್ಮ ಮೇಲಿಂದ ಹಾರಿ ಹೋಗುತ್ತಾನೆ, ನೀವು ಹುಲ್ಲು ಕಚ್ಚುತ್ತೀರಿ. ಇನ್ನೊಂದು ಎಚ್ಚರ: ನಿಮ್ಮ ಜೊತೆಗಾರ ಈಗಾಗಲೇ ಮೇಲಿನಿಂದ ಹಿಡಿದಿರುವವನ ಕಾಲಿಗೆ ಬೀಳುವಂತಿಲ್ಲ. ಮಂಡಿ ಮುರಿಯುವ ಆ ಚಾಪ್ ಬ್ಲಾಕನ್ನು ಎನ್‌ಎಫ್‌ಎಲ್ 2016ರಲ್ಲಿ ಪೂರ್ತಿ ನಿಷೇಧಿಸಿತು.

5. ಆಗಸ್ಟ್ ತಿಂಗಳನ್ನು ವ್ಯರ್ಥ ಮಾಡಬೇಡಿ

ಬ್ಲಾಕ್ ಮಾಡುವುದನ್ನು ಕನ್ನಡಿ ಮುಂದೆ ಕಲಿಯಲಾಗದು. ಮೈಗೆ ಮೈ ತಾಗಬೇಕು. ಆದರೆ ಆಟಗಾರರ ಒಪ್ಪಂದದ ಪ್ರಕಾರ ಲೀಗ್ ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ಪ್ಯಾಡ್ ತೊಟ್ಟು ಮಾಡುವ ಅಭ್ಯಾಸಕ್ಕೆ ಒಟ್ಟು 14 ದಿನದ ಮಿತಿ ಇದೆ. ಹಾಗಾಗಿ ಋತುವಿಗೆ ಮುಂಚಿನ ಶಿಬಿರವೇ ನಿಮ್ಮ ಗರಡಿಮನೆ. ಅಲ್ಲಿ ರನ್ನಿಂಗ್ ಬ್ಯಾಕ್‌ಗಳನ್ನು ಒಬ್ಬೊಬ್ಬರಾಗಿ ಲೈನ್‌ಬ್ಯಾಕರ್‌ಗಳ ಎದುರು ನಿಲ್ಲಿಸುವ ಒಂದು ಕಸರತ್ತು ಉಂಟು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಶಿಬಿರದಲ್ಲಿ ಅದನ್ನು ನೋಡಲೆಂದೇ ಅಭಿಮಾನಿಗಳು ಬಂದು ನಿಲ್ಲುತ್ತಾರೆ. ಸಾಲಿನಲ್ಲಿ ಹಿಂದೆ ಅಡಗಬೇಡಿ, ಮುಂದೆ ನಿಲ್ಲಿ. ಅಲ್ಲಿ ಸೋತರೆ ಹೋಗುವುದು ಮಾನ ಮಾತ್ರ. ಪಂದ್ಯದಲ್ಲಿ ಸೋತರೆ ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬು.

6. ಚೆಂಡನ್ನು ಬೆರಳಿನಿಂದ ಹಿಡಿಯಿರಿ, ಎದೆಯಿಂದಲ್ಲ

ಕೈಯಿಂದ ಕೈಗೆ ಕೊಟ್ಟ ಚೆಂಡನ್ನು ಹೊಟ್ಟೆಗೆ ಅವಚಿಕೊಂಡೇ ಬೆಳೆದವರು ಪಾಸನ್ನೂ ಹಾಗೇ ಅವಚಲು ಹೋಗುತ್ತಾರೆ. ಗಟ್ಟಿ ಪ್ಯಾಡ್‌ಗೆ ಬಡಿದ ಚೆಂಡು ಪುಟಿದು ಶತ್ರುವಿನ ಕೈ ಸೇರುತ್ತದೆ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಜೊತೆಗೂಡಲಿ, ಕೆಳಗೆ ಬಂದರೆ ಕಿರುಬೆರಳುಗಳು. ಎಸೆಯುವ ಯಂತ್ರದ ಮುಂದೆ ದಿನವೂ ನಿಲ್ಲಿ; ನೇರ ನಿಂತು, ಪಕ್ಕಕ್ಕೆ ತಿರುಗಿ, ಓಡುತ್ತಾ, ಹೆಗಲ ಮೇಲಿಂದ ನೋಡುತ್ತಾ ಹಿಡಿಯಿರಿ. ಟೆನಿಸ್ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯುವುದು ಕಣ್ಣಿಗೆ ಒಳ್ಳೆಯ ಪಾಠ.

ಚೆಂಡು ಜಾರುವುದಕ್ಕೆ ಕಾರಣ ಬಹುಪಾಲು ಕೈಯಲ್ಲ, ಕಣ್ಣು. ಹಿಡಿಯುವ ಮೊದಲೇ ಯಾರು ಗುದ್ದಲು ಬರುತ್ತಿದ್ದಾರೆ ಎಂದು ತಲೆ ತಿರುಗಿಸಿದರೆ ಚೆಂಡು ಬೆರಳ ತುದಿ ತಾಗಿ ಬೀಳುತ್ತದೆ. ಆಮೇಲೆ ಪಾಸ್ ಸರಿ ಇರಲಿಲ್ಲ ಅನ್ನುವುದು, ಕುಣಿಯಲಾರದವಳು ನೆಲ ಡೊಂಕು ಅಂದಂತೆ. ಚೆಂಡು ಕಂಕುಳು ಸೇರುವವರೆಗೂ ಅದನ್ನೇ ನೋಡಿ.

7. ದಾರಿಗಳನ್ನು ಒಂದೊಂದಾಗಿ ಕಲಿಯಿರಿ

ಪಾಸ್‌ಗಾಗಿ ಓಡುವ ದಾರಿಗೆ ರೂಟ್ ಎಂದು ಹೆಸರು. ಮೊದಲು ಪಕ್ಕದ ಗೆರೆಯತ್ತ ಚಪ್ಪಟೆಯಾಗಿ ಓಡುವ ಫ್ಲಾಟ್, ಬಳಸಿ ಓಡುವ ಸ್ವಿಂಗ್. ಆಮೇಲೆ ಹೊರಗೆ ಹೋಗುವಂತೆ ತೋರಿಸಿ ತಟ್ಟನೆ ಒಳಗೆ ಮುರಿಯುವ ಆ್ಯಂಗಲ್. ಗೆರೆಯತ್ತ ಹೋಗಿ ಮೇಲಕ್ಕೆ ತಿರುಗುವ ವ್ಹೀಲ್. ಕೊನೆಗೆ ಲೈನ್‌ಬ್ಯಾಕರ್ ಎಡಕ್ಕೆ ವಾಲಿದರೆ ಬಲಕ್ಕೆ, ಬಲಕ್ಕೆ ವಾಲಿದರೆ ಎಡಕ್ಕೆ ಹೋಗುವ ಆಪ್ಷನ್. ಎಲ್ಲಕ್ಕೂ ಮೊದಲ ಮೂರು ಹೆಜ್ಜೆ ಒಂದೇ ಥರ ಇರಲಿ. ನಿಮ್ಮ ಹೆಜ್ಜೆ ಓದಿ ದಾರಿ ಹೇಳುವಂತಾದರೆ ರೂಟ್ ಸತ್ತಂತೆ.

ಕ್ರಿಶ್ಚಿಯನ್ ಮೆಕ್ಯಾಫ್ರಿ ಈ ವಿದ್ಯೆಯ ಇಂದಿನ ಮೇಷ್ಟ್ರು. ಅಪ್ಪ ಎಡ್ ಮೆಕ್ಯಾಫ್ರಿ ಎನ್‌ಎಫ್‌ಎಲ್‌ನಲ್ಲಿ 13 ಋತು ಆಡಿದ, ಪಾಸ್ ಹಿಡಿಯುವುದೇ ಕೆಲಸವಾದ ವೈಡ್ ರಿಸೀವರ್. 2019ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಪರ ಮಗ ಹಿಡಿದ ಪಾಸ್ 116, ರನ್ನಿಂಗ್ ಬ್ಯಾಕ್ ಒಬ್ಬರ ದಾಖಲೆ. ಈಗ ಅವರು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದಲ್ಲಿದ್ದಾರೆ. ಆ ತಂಡದ ತವರು ಮೈದಾನ ಇರುವ ಸಾಂಟಾ ಕ್ಲಾರಾದ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಈ ಕಲೆಯನ್ನು ಮನೆ ಬಾಗಿಲಲ್ಲೇ ನೋಡಬಹುದು.

8. ಎರಡು ಕೆಲಸವೂ ಒಂದೇ ಥರ ಕಾಣಲಿ

ನೀವು ಮೈದಾನಕ್ಕಿಳಿದರೆ ಓಟ, ಇನ್ನೊಬ್ಬ ಇಳಿದರೆ ಪಾಸ್ ಎಂದು ಎದುರಾಳಿಗೆ ಗೊತ್ತಾದರೆ ಆಟ ಅರ್ಧ ಮುಗಿಯಿತು. ಸ್ಕ್ರೀನ್ ಪಾಸ್ ನೋಡಿ: ತಡೆಯಲು ನಿಂತವನಂತೆ ನಟಿಸಬೇಕು, ನುಗ್ಗುವವನನ್ನು ಒಂದು ಕ್ಷಣ ತಡೆದು ಜಾರಬಿಡಬೇಕು, ಆಮೇಲೆ ಲೈನ್‌ಮನ್‌ಗಳ ಹಿಂದೆ ಚೆಂಡು ಹಿಡಿಯಬೇಕು. ಬ್ಲಾಕ್ ಮಾಡಲು ಬಾರದವನ ನಟನೆಯನ್ನು ಯಾರೂ ನಂಬುವುದಿಲ್ಲ. ಹಾಗೆಯೇ, ಬ್ಲಿಟ್ಜ್ ಬರಲಿಲ್ಲವೋ, ನಿಂತಲ್ಲೇ ಕಲ್ಲಾಗಬೇಡಿ. ಸಂದಿಯಿಂದ ಹೊರಬಿದ್ದು ಕ್ವಾರ್ಟರ್‌ಬ್ಯಾಕ್‌ನ ಕಣ್ಣಿಗೆ ಬೀಳಿ. ದೂರದ ದಾರಿಗಳೆಲ್ಲ ಮುಚ್ಚಿದಾಗ ಅವನು ಹುಡುಕುವುದು ನಿಮ್ಮನ್ನೇ.

9. ಬೇರೆಯವರಿಗಾಗಿ ದುಡಿದದ್ದು ನಷ್ಟವಲ್ಲ

ರೋಜರ್ ಕ್ರೇಗ್ ನೆಬ್ರಾಸ್ಕ ವಿಶ್ವವಿದ್ಯಾಲಯದ ಕೊನೆಯ ವರ್ಷ ಜೊತೆಗಾರ ಮೈಕ್ ರೋಜಿಯರ್‌ಗೆ ಜಾಗ ಬಿಟ್ಟು, ದಾರಿ ಮಾಡಿಕೊಡುವ ಫುಲ್‌ಬ್ಯಾಕ್ ಆದರು. 49ಅರ್ಸ್ ಸೇರಿದ ಮೇಲೂ ಅದೇ ಪಾತ್ರ. ಕೋಚ್ ಬಿಲ್ ವಾಲ್ಶ್ ಅವರದೋ ಚಿಕ್ಕ ಪಾಸ್‌ಗಳನ್ನೇ ಓಟದಂತೆ ಬಳಸುವ ಪದ್ಧತಿ. ತಡೆಯಲೂ ಹಿಡಿಯಲೂ ಬಲ್ಲ ಬ್ಯಾಕ್ ಅವರಿಗೆ ಬೇಕಿತ್ತು. 1985ರಲ್ಲಿ ಕ್ರೇಗ್ 1,050 ಗಜ ಓಡಿದರು, 92 ಪಾಸ್ ಹಿಡಿದು 1,016 ಗಜ ಗಳಿಸಿದರು. ಒಂದೇ ಋತುವಿನಲ್ಲಿ ಎರಡೂ ಕಡೆ ಸಾವಿರ ದಾಟಿದ ಮೊದಲಿಗರು ಅವರು. ಎರಡನೆಯವರು 1999ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಮಾರ್ಷಲ್ ಫಾಕ್, ಮೂರನೆಯವರು 2019ರ ಮೆಕ್ಯಾಫ್ರಿ.

10. ಹಿಂಬಾಗಿಲನ್ನು ಕೀಳಾಗಿ ಕಾಣಬೇಡಿ

ಆಸ್ಟಿನ್ ಎಕ್ಲರ್ ಕೊಲರಾಡೊದ ಸಣ್ಣ ಕಾಲೇಜಿನವರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2017ರಲ್ಲಿ, ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. 2019ರಲ್ಲಿ ಅವರು 92 ಪಾಸ್ ಹಿಡಿದರು, 2022ರಲ್ಲಿ 107. ಓಡುವವರು ಬೇಕಾದಷ್ಟು ಸಿಗುತ್ತಾರೆ. ಮೂರನೇ ಯತ್ನದಲ್ಲಿ ನಿಶ್ಚಿಂತೆಯಿಂದ ಕಣಕ್ಕಿಳಿಸಬಹುದಾದವರು ವಿರಳ. ಕೋಚ್ ಕೇಳುವುದು ಒಂದೇ ಪ್ರಶ್ನೆ: ಇವನನ್ನು ನಂಬಿ ನನ್ನ ಕ್ವಾರ್ಟರ್‌ಬ್ಯಾಕ್‌ನನ್ನು ಬಿಡಬಹುದೇ? ಆ ಪ್ರಶ್ನೆಗೆ ಹೌದು ಅನ್ನಿಸಿಕೊಂಡವರಿಗೆ ಉಳಿದ ಬಾಗಿಲುಗಳು ತಾನಾಗಿ ತೆರೆಯುತ್ತವೆ.

ಮತ್ತೆ ಹ್ಯೂಸ್ಟನ್‌ಗೆ ಬರೋಣ. ಪೇಟ್ರಿಯಟ್ಸ್‌ನ ಜೇಮ್ಸ್ ವೈಟ್ 2014ರ ಡ್ರಾಫ್ಟ್‌ನಲ್ಲಿ ನಾಲ್ಕನೇ ಸುತ್ತಿನವರೆಗೆ ಕಾದವರು. ಮೊದಲ ವರ್ಷ ಆಡಲು ಸಿಕ್ಕಿದ್ದು ಮೂರೇ ಪಂದ್ಯ. ಆ ಫೈನಲ್‌ನಲ್ಲಿ ಅವರು 14 ಪಾಸ್ ಹಿಡಿದು 110 ಗಜ ಗಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಗೆಲುವಿಗೆ ಇನ್ನು 2 ಗಜ ಉಳಿದಿತ್ತು. ಆಗ ಚೆಂಡು ಬಂದದ್ದು ಅವರ ಕೈಗೇ, ಈ ಸಲ ಓಡಲು.