ಉಡುಗೆಯ ಕೊಡುಗೆ ಮತ್ತು ಬಿಡುಗಡೆ: ರೌಲಿಂಗ್ ಕಾದಂಬರಿಗಳ ಮನೆಯಾಳು ಎಲ್ಫ್‌ಗಳು

ಜೆ.ಕೆ. ರೌಲಿಂಗ್ ಅವರ 'ಹ್ಯಾರಿ ಪಾಟರ್' ಕಾದಂಬರಿಮಾಲೆಯಲ್ಲಿ (೧೯೯೭–೨೦೦೭) ಮಾಂತ್ರಿಕ ಮನೆತನಗಳ ಸೇವೆಗೆ ಕಟ್ಟುಬಿದ್ದ 'ಎಲ್ಫ್' ಎಂಬ ಕಿರುಜೀವಿಗಳು ಬರುತ್ತವೆ. ಯಜಮಾನನು ಉಡುಗೆ ಕೊಟ್ಟರೆ ಮಾತ್ರ ಅವುಗಳಿಗೆ ಬಿಡುಗಡೆ. ಈ ನಿಯಮ ಲೇಖಕಿಯ ಸ್ವತಂತ್ರ ಕಲ್ಪನೆಯಲ್ಲ. ಬ್ರಿಟನ್ನಿನ ಜನಪದ ಕಥೆಗಳಲ್ಲಿ ಬಹುಕಾಲದಿಂದ ಇರುವ ಆಶಯ. ಆದರೆ ಕಾದಂಬರಿಗೆ ಬರುವಾಗ ಅದರ ಅರ್ಥ ತಿರುವುಮುರುವಾಗಿರುವುದನ್ನು ಗಮನಿಸಬೇಕು.

ಸ್ಕಾಟ್‌ಲೆಂಡಿನ 'ಬ್ರೌನಿ', ಉತ್ತರ ಇಂಗ್ಲೆಂಡಿನ 'ಹಾಬ್' ಹಾಗೂ 'ಡಾಬಿ' ಮನೆಯ ದೈವಗಳು. (ರೌಲಿಂಗ್ ಅವರ ಪ್ರಸಿದ್ಧ ಪಾತ್ರದ ಹೆಸರೂ ಡಾಬಿಯೇ.) ಇವು ರಾತ್ರಿಯಲ್ಲಿ ತೆನೆ ಬಡಿದು, ಬೆಣ್ಣೆ ಕಡೆದು, ಬೆಳಗಾಗುವಷ್ಟರಲ್ಲಿ ಮರೆಯಾಗುತ್ತವೆ. ಮನೆಯವರು ಒಂದು ಬಟ್ಟಲು ಕೆನೆಯನ್ನು ಇಟ್ಟರೆ ಸಾಕು. ಮೆಚ್ಚಿ ಬಟ್ಟೆ ಹೊಲಿಸಿಕೊಟ್ಟರೆ ಮಾತ್ರ ದೈವ ಮತ್ತೆ ಬರುವುದಿಲ್ಲ. ಗ್ರಿಮ್ ಸೋದರರು ೧೮೧೨ರಲ್ಲಿ ಪ್ರಕಟಿಸಿದ ಚಮ್ಮಾರನ ಕಥೆಯಲ್ಲೂ ಇದೇ ನಡೆಯುತ್ತದೆ. ಕಾರಣಗಳು ಕಥೆಯಿಂದ ಕಥೆಗೆ ಬೇರೆ: ಕೆಲವೆಡೆ ಕೂಲಿ ಕೊಟ್ಟರೆಂಬ ಅವಮಾನ, ಕೆಲವೆಡೆ ಬಟ್ಟೆ ಒರಟಾಯಿತೆಂಬ ಮುನಿಸು, ಕೆಲವೆಡೆ ಹೊಸ ಉಡುಗೆಯ ಹಿಗ್ಗು. ಎಲ್ಲದರಲ್ಲೂ ಹೊರಡುವ ತೀರ್ಮಾನ ದೈವದ್ದೇ. ಅದು ಯಾರ ಆಳೂ ಅಲ್ಲ.

೧೯೯೮ರ ಕಾದಂಬರಿಯ ಡಾಬಿ ಹಳೆಯ ದಿಂಬಿನ ಚೀಲವನ್ನು ಉಟ್ಟು, ಯಜಮಾನನ ವಿರುದ್ಧ ಆಡಿದ ಮಾತಿಗೆ ತನ್ನನ್ನೇ ಶಿಕ್ಷಿಸಿಕೊಳ್ಳುತ್ತದೆ. ಹ್ಯಾರಿಯ ಉಪಾಯದಿಂದ ಯಜಮಾನ ಎಸೆದ ಕಾಲುಚೀಲವೊಂದು ಅದರ ಕೈಸೇರಿದಾಗಲೇ ಬಿಡುಗಡೆ. ಜನಪದದಲ್ಲಿ ಕೃತಜ್ಞತೆಯಾಗಿದ್ದ ಉಡುಗೆ ಇಲ್ಲಿ ಯಜಮಾನನ ಕೈಯ ವಿಮೋಚನಾಪತ್ರ. ಈ ಸಂಬಂಧಕ್ಕೆ ಕನ್ನಡದಲ್ಲಿ 'ಜೀತ' ಎಂಬ ಪದ ಥಟ್ಟನೆ ಹೊಳೆಯುತ್ತದೆ. ಆದರೆ ಜೀತದ ಹಿಂದೆ ಸಾಮಾನ್ಯವಾಗಿ ಸಾಲವಿರುತ್ತದೆ, ಎಲ್ಫ್‌ಗೆ ಯಾವ ಸಾಲವೂ ಇಲ್ಲ. ವಚನಗಳಲ್ಲಿ ಕಾಣುವ 'ತೊತ್ತು' ಎಂಬುದೇ ಇದಕ್ಕೆ ಹತ್ತಿರದ ಮಾತು.

೨೦೦೦ದ ಕಾದಂಬರಿಯಲ್ಲಿ ವಿಂಕಿಗೆ ಉಡುಗೆ ಸಿಗುವುದು ಶಿಕ್ಷೆಯಾಗಿ. ಅದು ಬಿಡುಗಡೆಯನ್ನು ಬಹಿಷ್ಕಾರವೆಂದೇ ಅನುಭವಿಸಿ ಕುಡಿತಕ್ಕೆ ಬೀಳುತ್ತದೆ. ಸ್ವತಂತ್ರ ಡಾಬಿಯೂ ವಾರಕ್ಕೆ ಹತ್ತು ನಾಣ್ಯದ ಸಂಬಳವನ್ನು ಚೌಕಾಸಿ ಮಾಡಿ ಒಂದಕ್ಕೆ ಇಳಿಸಿಕೊಳ್ಳುತ್ತದೆ! ಇದನ್ನು ಹಾಸ್ಯವೆಂದು ಓದುವುದು ಸುಲಭ. ಅಧೀನತೆ ಒಳಗಿಳಿದ ಮನಸ್ಸಿನ ಚಿತ್ರವೆಂದು ಓದುವುದೇ ಸರಿ. ಹರ್ಮಿಯೋನಿ ಶಾಲೆಯ ಅಡುಗೆಮನೆಯ ಎಲ್ಫ್‌ಗಳನ್ನು ಕಾಣುವ ಮೊದಲೇ ಅವುಗಳ ಪರವಾಗಿ ಸಂಘ ಕಟ್ಟುತ್ತಾಳೆ. ೨೦೦೩ರ ಕಾದಂಬರಿಯಲ್ಲಿ ಟೋಪಿ ಹೆಣೆದು, ಎಲ್ಫ್‌ಗಳು ಅರಿಯದೆ ಎತ್ತಿಕೊಳ್ಳಲೆಂದು ಕಸದಡಿ ಬಚ್ಚಿಡುತ್ತಾಳೆ. ವಿದ್ಯಾರ್ಥಿನಿಯೊಬ್ಬಳ ಟೋಪಿಗೆ ಬಿಡುಗಡೆಯ ಶಕ್ತಿ ಎಲ್ಲಿಂದ ಬಂತೆಂಬುದಕ್ಕೆ ಕಥೆಯ ತರ್ಕದಲ್ಲೇ ಉತ್ತರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೇಳದೆ ಕೊಡುವ ಯಜಮಾನಿಕೆಯನ್ನು ಅವಳೂ ಚಲಾಯಿಸುತ್ತಿದ್ದಾಳೆ. ಅವಮಾನಗೊಂಡ ಎಲ್ಫ್‌ಗಳು ಆ ಕೊಠಡಿಯ ಕೆಲಸವನ್ನೇ ಬಿಡುತ್ತವೆ. ಹಳೆಯ ಬ್ರೌನಿಯ ಸ್ವಾಭಿಮಾನ ಇಡೀ ಮಾಲೆಯಲ್ಲಿ ಮರುಕಳಿಸುವುದು ಬಹುಶಃ ಇಲ್ಲಿ ಮಾತ್ರ.

೨೦೦೭ರ ಕೊನೆಯ ಕಾದಂಬರಿಯಲ್ಲಿ ಕ್ರೀಚರ್‌ನ ಮನಸ್ಸನ್ನು ತಿರುಗಿಸುವುದು ಬಟ್ಟೆಯಲ್ಲ, ಹ್ಯಾರಿ ಕೊಟ್ಟ ಲಾಕೆಟ್. ಅದರ ಮೃತ ಒಡೆಯನ ನೆನಪು. ಮುಂದೆ ಅದು ಶಾಲೆಯ ಎಲ್ಫ್‌ಗಳನ್ನು ಯುದ್ಧಕ್ಕೂ ಮುನ್ನಡೆಸುತ್ತದೆ. ಆದರೂ ಅದಕ್ಕೆ ಉಡುಗೆ ದೊರೆಯುವುದಿಲ್ಲ. ಯುದ್ಧ ಮುಗಿದ ಮೇಲೆ ಹ್ಯಾರಿ ಯೋಚಿಸುವುದು, ಕ್ರೀಚರ್ ತನಗೊಂದು ಸ್ಯಾಂಡ್‌ವಿಚ್ ತಂದುಕೊಡಬಹುದೇ ಎಂದು.