ಹೊರಡುವ ಮುನ್ನ ಹೇಳಿ ಹೋಗುವುದು


*ಇಂದಿನ ಧಮ್ಮ ಚಿಂತನೆ*

ನಮ್ಮ ಬಳಗದ ವಿದ್ಯಾರ್ಥಿನಿಯೊಬ್ಬಳು ಪುಣೆಯಿಂದ ಎರಡು ಪ್ರಶ್ನೆ ಕಳಿಸಿದ್ದಾಳೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಿಕ್ಕಿ 2 ತಿಂಗಳ ಹಿಂದೆ ಅಲ್ಲಿಗೆ ಹೋದವಳು ಈ ಭಾನುವಾರ ರಾಯಚೂರಿಗೆ ಹೊರಡುತ್ತಾಳೆ.

"ಹಾಸ್ಟೆಲ್ ಗೆಳತಿಯರನ್ನು ಬಿಟ್ಟು ಹೋಗಬೇಕಲ್ಲ ಅಂದರೆ ಅಳು ಬರುತ್ತದೆ. ಧಮ್ಮ ಕಲಿಯುವವಳು ಅಳಬಹುದೇ?" ಇದು ಮೊದಲನೆಯದು. "ನನ್ನ ಗೈಡ್‌ಗೆ ನನಗಾಗಿ ಸಮಯವೇ ಸಿಗಲಿಲ್ಲ. ಅವರಿಗೆ ಹೇಳದೆ ಹೊರಟರೆ ಆಗದೇ?" ಇದು ಎರಡನೆಯದು. ನಾನು ಅವಳಿಗೆ ಬರೆದ ಉತ್ತರ ಉಳಿದವರಿಗೂ ಬೇಕಾಗಬಹುದು ಅನಿಸಿ ಇಲ್ಲಿ ಹಾಕುತ್ತಿದ್ದೇನೆ.

*1. ಅಳುವಿನ ಬಗ್ಗೆ*

ಕುಸಿನಾರದಲ್ಲಿ ಭಗವಾನರು ಕೊನೆಯ ಬಾರಿ ಮಲಗಿದ್ದಾಗ ಆನಂದರು ಒಳಗೆ ಹೋಗಿ ಬಾಗಿಲಿಗೆ ಒರಗಿ ಅತ್ತರು. ಆಗಿನ್ನೂ ಅವರು ಅರಹಂತರಾಗಿರಲಿಲ್ಲ, ನಮ್ಮಂತೆ ಕಲಿಯುವವರೇ. ಭಗವಾನರು ಅವರನ್ನು ಕರೆಸಿದರು. ಪ್ರಿಯವಾದದ್ದೆಲ್ಲದರಿಂದ ಅಗಲಲೇಬೇಕು ಎಂದು ಮೊದಲೇ ಹೇಳಿದ್ದೆನಲ್ಲವೇ ಎಂದು ನೆನಪಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆನಂದರು ಕಾಯಾ ವಾಚಾ ಮನಸಾ ಮೈತ್ರಿಯಿಂದ ಮಾಡಿದ ಸೇವೆಯನ್ನು ಬಾಯಿತುಂಬ ಹೊಗಳಿದರು. ಆ ವಿದಾಯದಲ್ಲಿ ಸತ್ಯವೂ ಇತ್ತು, ಕೃತಜ್ಞತೆಯೂ ಇತ್ತು.

ಹಾಗಾಗಿ ಅಳು ಬಂದರೆ ಬರಲಿ. ಆದರೆ "ನಾವು ಎಂದೆಂದಿಗೂ ಹೀಗೇ ಇರೋಣ" ಎಂಬ ಮಾತು ಕೊಡುವಾಗ ಸ್ವಲ್ಪ ನಿಲ್ಲು. ಒಂದು ಆಯ್ಕೆ ಪಟ್ಟಿ, ಒಂದು ರೂಮ್ ಹಂಚಿಕೆ, ಸಂಜೆ ಒಂದೇ ಹೊತ್ತಿಗೆ ಕುಡಿದ ಚಹಾ, ಇಂಥ ಕಾರಣಗಳು ಕೂಡಿದ್ದರಿಂದ ಈ ಸ್ನೇಹ ಹುಟ್ಟಿತು. ಕಾರಣಗಳು ಚದುರಿದಾಗ ಅದರ ರೂಪವೂ ಬದಲಾಗುತ್ತದೆ. ನಾಳೆ ನಿಮ್ಮ ಗ್ರೂಪ್‌ನಲ್ಲಿ ಮೆಸೇಜ್ ಕಡಿಮೆಯಾದರೆ ಸ್ನೇಹ ಸುಳ್ಳಾಗಿತ್ತು ಎಂದು ಅರ್ಥವಲ್ಲ.

*2. ಗೈಡ್ ಬಗ್ಗೆ*

ವಿನಯಪಿಟಕದಲ್ಲಿ ವೇರಂಜದ ಪ್ರಸಂಗ ಬರುತ್ತದೆ. ಆ ಊರಿನ ಬ್ರಾಹ್ಮಣನೊಬ್ಬ ಭಗವಾನರನ್ನೂ 500 ಭಿಕ್ಷುಗಳನ್ನೂ ವರ್ಷಾವಾಸಕ್ಕೆ ಆಹ್ವಾನಿಸಿದ. ಆಮೇಲೆ ಅವರತ್ತ ತಿರುಗಿಯೂ ನೋಡಲಿಲ್ಲ. ಊರಲ್ಲಿ ಬರಗಾಲ. ಅಲ್ಲಿ ತಂಗಿದ್ದ ಕುದುರೆ ವ್ಯಾಪಾರಿಗಳು ಕೊಟ್ಟ ಧಾನ್ಯವನ್ನೇ ಭಿಕ್ಷುಗಳು ಒರಳಲ್ಲಿ ಕುಟ್ಟಿ ತಿಂದರು. ಮಳೆಗಾಲದ 3 ತಿಂಗಳು ಹೀಗೇ ಕಳೆಯಿತು.

ಹೊರಡುವ ದಿನ ಭಗವಾನರು ಏನು ಮಾಡಿದರು? ಕರೆದವರಿಗೆ ಹೇಳದೆ ಹೋಗುವುದು ತಥಾಗತರ ಪದ್ಧತಿಯಲ್ಲ ಎಂದು ಆನಂದರಿಗೆ ತಿಳಿಸಿ, ಅದೇ ಬ್ರಾಹ್ಮಣನ ಮನೆಗೆ ಹೋದರು. ನಿನ್ನ ಆಹ್ವಾನದಂತೆ ಮಳೆಗಾಲ ಕಳೆದೆವು, ಹೋಗಿಬರುತ್ತೇವೆ ಎಂದರು. ದೂರಿನ ಒಂದು ಮಾತೂ ಇಲ್ಲ. ಕೊಡಬೇಕಾದ್ದನ್ನು ಕೊಡಲಿಲ್ಲ ಎಂದು ಅವನೇ ಒಪ್ಪಿಕೊಂಡ. ಮನೆಯ ಕೆಲಸಗಳಲ್ಲಿ ಮುಳುಗಿದ್ದೆ ಎಂದ. ಮರುದಿನ ಊಟಕ್ಕೆ ಕರೆದು ವಸ್ತ್ರದಾನ ಮಾಡಿದ.

ಇದನ್ನು ಓದುವಾಗಲೆಲ್ಲ ನನಗೆ ಅನಿಸುವುದು ಇಷ್ಟು: ಹೇಳಿ ಹೋಗುವುದು ಅವರು ಕೊಟ್ಟದ್ದಕ್ಕೆ ಬೆಲೆ ಕಟ್ಟಿದಂತಲ್ಲ. ಅದು ನಮ್ಮ ನಡತೆ. ಹೇಳದೆ ಹೊರಟರೆ ಅಸಮಾಧಾನವೂ ಬ್ಯಾಗಿನ ಜೊತೆ ರೈಲು ಹತ್ತುತ್ತದೆ. ಆದ್ದರಿಂದ ಬಾಗಿಲು ತಟ್ಟು, ಎರಡು ನಿಮಿಷ ಸಾಕು. ಅವರು ಬ್ರಾಹ್ಮಣನಂತೆ ಕರಗದಿದ್ದರೂ ನಿನ್ನ ಕೆಲಸ ಪೂರ್ತಿಯಾಯಿತು.

*3. ಕೊನೆಯ ಸಂಜೆಗೆ*

ವರ್ಷಾವಾಸ ಮುಗಿದ ಮೇಲೆ ಭಿಕ್ಷುಗಳು ಪವಾರಣಾ ಮಾಡುತ್ತಾರೆ. ನನ್ನಲ್ಲಿ ಕಂಡ, ಕೇಳಿದ ಅಥವಾ ಅನುಮಾನಿಸಿದ ದೋಷವನ್ನು ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಒಬ್ಬೊಬ್ಬರೂ ಸಂಘವನ್ನು ಕೇಳಿಕೊಳ್ಳುವುದೇ ಪವಾರಣಾ. ಹಿರಿಯರಿಂದಲೇ ಇದು ಶುರುವಾಗುತ್ತದೆ. ಫೋಟೋ ತೆಗೆದುಕೊಳ್ಳುವುದರ ನಡುವೆ ರೂಮ್‌ಮೇಟ್‌ಗೆ ನೀನೂ ಒಮ್ಮೆ ಹೀಗೆ ಕೇಳಿ ನೋಡು. ಕೇಳಿದ ಮೇಲೆ ಸಮರ್ಥನೆ ಬೇಡ, "ಆಯಿತು" ಅನ್ನು ಸಾಕು.

🪷 *ಇಂದಿನ ಅಭ್ಯಾಸ:* ಒಂದು ಊರು, ಕೆಲಸ ಅಥವಾ ಮನೆ ಬಿಟ್ಟು ಹೊರಡುವವರು ಯಾರಿಗೆ ಹೇಳಿ ಹೋಗಬೇಕು ಎಂದು ಪಟ್ಟಿ ಬರೆಯಿರಿ. ಮೆಸ್‌ನಲ್ಲಿ ಬಡಿಸಿದವರು, ಗೇಟಿನ ಕಾವಲುಗಾರರು ಅದರಲ್ಲಿರಲಿ. ಯಾರ ಹೆಸರು ಬರೆಯಲು ಮನಸ್ಸು ಹಿಂಜರಿಯುತ್ತದೋ ಅವರನ್ನು ಮೊದಲು ಕಾಣಿರಿ.

ಎಲ್ಲರಿಗೂ ಮಂಗಳವಾಗಲಿ.
*ಸಾಧು! ಸಾಧು! ಸಾಧು!* 🙏